ಫಾರಂ 5 ಬಯಲಿಗಿಡಿ: ಮಾಲಿನ್ಯ ನಿಯಂತ್ರಣ ಮಂಡಳಿಗೊಂದು ಬಹಿರಂಗ ಪತ್ರ

ಇವರಿಗೆ,
ಅಧ್ಯಕ್ಷರು ಮತ್ತು ಸದಸ್ಯ ಕಾರ್ಯದರ್ಶಿಗಳು,
ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ,
ಪರಿಸರ ಭವನ, ಚರ್ಚ್ ಸ್ಟ್ರೀಟ್, ಬೆಂಗಳೂರು.

ವಿಷಯ: ಯಾವ ಕಾರ್ಖಾನೆ ವರ್ಷಕ್ಕೆ ಎಷ್ಟು ಧೂಳು, ಹೊಗೆ, ಕೊಳೆನೀರು ಹೊರಗೆ ಬಿಡುತ್ತದೆ ಎಂಬ ಲೆಕ್ಕವನ್ನು ಹೆಸರು ಸಹಿತ ಕನ್ನಡದಲ್ಲಿ ಪ್ರಕಟಿಸುವ ಬಗ್ಗೆ.

ಮಾನ್ಯರೇ,

ಸೆಪ್ಟೆಂಬರ್ ಕೊನೆಯ ವಾರ ಬಂತೆಂದರೆ ಕಾರ್ಖಾನೆಗಳ ಪರಿಸರ ವಿಭಾಗದವರಿಗೆ ಊಟ ನಿದ್ದೆ ನೆನಪಿರುವುದಿಲ್ಲ. 30ನೇ ತಾರೀಖಿನೊಳಗೆ ಫಾರಂ 5 ತುಂಬಿ ತಮ್ಮ ಕಚೇರಿಗೆ ಮುಟ್ಟಿಸಬೇಕು. 1986ರ ಪರಿಸರ ಸಂರಕ್ಷಣಾ ನಿಯಮಗಳ 14ನೇ ನಿಯಮ ಇದನ್ನು ಹೇಳುತ್ತದೆ, 1993ರಿಂದ ಇದು ನಡೆದುಕೊಂಡು ಬಂದಿದೆ. ಜಲ ಕಾಯ್ದೆಯಡಿಯೋ ವಾಯು ಕಾಯ್ದೆಯಡಿಯೋ ತಮ್ಮಿಂದ ಸಮ್ಮತಿ ಪತ್ರ ಪಡೆದ ಪ್ರತಿಯೊಬ್ಬರೂ, ಅಪಾಯಕಾರಿ ತ್ಯಾಜ್ಯಕ್ಕೆ ಪರವಾನಗಿ ಪಡೆದವರೂ ಇದನ್ನು ಕೊಡಲೇಬೇಕು. ಮಾರ್ಚ್ 31ಕ್ಕೆ ಮುಗಿದ ವರ್ಷದಲ್ಲಿ ಎಷ್ಟು ನೀರು ಬಳಸಿದಿರಿ, ಎಷ್ಟು ಕಚ್ಚಾ ಸಾಮಗ್ರಿ, ಯಾವ ಮಾಲಿನ್ಯಕಾರಕ ದಿನಕ್ಕೆ ಎಷ್ಟು ತೂಕ ಹೊರಗೆ ಹೋಯಿತು, ನಿಗದಿತ ಮಾನದಂಡಕ್ಕಿಂತ ಶೇಕಡಾ ಎಷ್ಟು ಹೆಚ್ಚು ಕಡಿಮೆ, ಕಾರಣವೇನು, ಅಪಾಯಕಾರಿ ತ್ಯಾಜ್ಯ ಎಷ್ಟು, ಅದನ್ನು ಏನು ಮಾಡಿದಿರಿ ಎಂಬ ಪ್ರಶ್ನೆಗಳಿಗೆಲ್ಲ ಆ ನಾಲ್ಕಾರು ಪುಟದಲ್ಲಿ ಉತ್ತರ ಇರುತ್ತದೆ.

ನಾನು ಖಾಸಗಿ ಪ್ರಯೋಗಾಲಯವೊಂದರಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಕೊಪ್ಪಳ, ಬಳ್ಳಾರಿ ಸೀಮೆಯ ಚಿಮಣಿಗಳನ್ನು ಹತ್ತಿ ಇಳಿಯುವುದೇ ನಮ್ಮ ಉದ್ಯೋಗ. ಈ ಫಾರಮ್ಮಿಗೆ ಬೇಕಾದ ಅಂಕಿಗಳನ್ನು ಕೊಡುತ್ತಿದ್ದವರು ನಮ್ಮಂಥವರೇ. ಕೊಟ್ಟ ಫಾರಂ ಕಡತ ಸೇರುತ್ತದೆ, ಕಡತ ಕಪಾಟು ಸೇರುತ್ತದೆ. ಈಗ ಕಪಾಟಿನ ಬದಲು ಕಂಪ್ಯೂಟರ್ ಬಂದಿರಬಹುದು. ಆ ಕಾರ್ಖಾನೆಯ ಗೋಡೆಗೆ ಹೊಲ ತಾಗಿಸಿಕೊಂಡಿರುವ ರೈತನಿಗೆ ಮಾತ್ರ ಅಂಥದೊಂದು ಫಾರಂ ಇದೆ ಎಂಬುದೇ ಗೊತ್ತಿಲ್ಲ.

ಇಷ್ಟು ಬರೆಯುವುದಕ್ಕೆ ಕಾರಣ, ತಮ್ಮಲ್ಲಿ ನಾನು ಹೊಸದೇನನ್ನೂ ಕೇಳುತ್ತಿಲ್ಲ. ಹೊಸ ಕಾನೂನು ಬೇಡ, ಹೊಸ ಯಂತ್ರ ಬೇಡ, ಹೊಸ ಅನುದಾನವೂ ಬಹಳ ಬೇಡ. ಕಾರ್ಖಾನೆಯವರ ಖರ್ಚಿನಲ್ಲಿ ಅಳೆದು, ಕಾರ್ಖಾನೆಯವರೇ ಸಹಿ ಹಾಕಿ ತಮಗೆ ಒಪ್ಪಿಸಿದ ಕಾಗದವನ್ನು ಊರವರೂ ನೋಡುವಂತೆ ಮಾಡಿ ಎನ್ನುವುದಷ್ಟೇ ನನ್ನ ಬೇಡಿಕೆ.

ವಾಯು ಗುಣಮಟ್ಟ ಸೂಚ್ಯಂಕ ಇದೆಯಲ್ಲ, ಮೊಬೈಲಿನಲ್ಲೇ ಬರುತ್ತದಲ್ಲ ಎಂದು ಯಾರಾದರೂ ಹೇಳಬಹುದು. 2015ರ ಏಪ್ರಿಲ್‌ನಲ್ಲಿ ಶುರುವಾದ ಆ ಸೂಚ್ಯಂಕ ಒಳ್ಳೆಯದೇ, ಹಸಿರು ಹಳದಿ ಕೆಂಪು ನೋಡಿ ಮಗುವನ್ನು ಹೊರಗೆ ಆಡಲು ಬಿಡಬೇಕೋ ಬೇಡವೋ ಎಂದು ತಾಯಿ ತೀರ್ಮಾನಿಸಬಹುದು. ಆದರೆ ಅದು ಹೇಳುವುದು ಗಾಳಿ ಕೆಟ್ಟಿದೆ ಎಂದು ಮಾತ್ರ. ಕೆಡಿಸಿದವರು ಯಾರೆಂದು ಅದು ಹೇಳುವುದಿಲ್ಲ, ಹೇಳಲು ಬರುವುದೂ ಇಲ್ಲ. ಪೀಣ್ಯದ ಮಾಪನ ಕೇಂದ್ರದ ಅಂಕಿಯಲ್ಲಿ ಲಾರಿಯ ಹೊಗೆ, ರಸ್ತೆಯ ಧೂಳು, ಬಾಯ್ಲರಿನ ಮಸಿ, ಯಾರೋ ಸುಟ್ಟ ಕಸ ಎಲ್ಲ ಸೇರಿಕೊಂಡಿರುತ್ತವೆ. ಹೀಗಾಗಿ ಪ್ರಶ್ನೆ ಎತ್ತಿದಾಗಲೆಲ್ಲ ಕೋತಿ ತಾನು ತಿಂದು ಮೇಕೆಯ ಬಾಯಿಗೆ ಒರೆಸಿದ ಕಥೆಯೇ ನಡೆಯುತ್ತದೆ: ಕಾರ್ಖಾನೆಯವರು ರಸ್ತೆಯನ್ನು ತೋರಿಸುತ್ತಾರೆ, ಲಾರಿಯವರು ಕಾರ್ಖಾನೆಯನ್ನು ತೋರಿಸುತ್ತಾರೆ, ಇಬ್ಬರೂ ಸೇರಿ ರೈತ ಸುಟ್ಟ ಕೂಳೆಯನ್ನು ತೋರಿಸುತ್ತಾರೆ.

2025ರ ಫೆಬ್ರುವರಿಯಲ್ಲಿ ಕೊಪ್ಪಳ ಬಂದ್ ಆಯಿತು. ಊರ ಪಕ್ಕದಲ್ಲೇ ದೊಡ್ಡ ಉಕ್ಕಿನ ಕಾರ್ಖಾನೆ ಬೇಡ ಎಂದು ಜನ ಬೀದಿಗೆ ಬಂದರು, ಗವಿಮಠದ ಸ್ವಾಮೀಜಿಯವರೂ ಮಾತನಾಡಿದರು. ಪರ ವಿರೋಧ ಎರಡನ್ನೂ ನಾನು ಕಿವಿಗೊಟ್ಟು ಕೇಳಿದೆ. ಉದ್ಯೋಗ ಬರುತ್ತದೆ ಎಂದವರಿದ್ದರು, ಉಸಿರಾಡಲು ಆಗುತ್ತಿಲ್ಲ ಎಂದವರಿದ್ದರು. ಗಿಣಿಗೇರಾ, ಹಿರೇಬಗನಾಳ, ಹಾಲವರ್ತಿಯ ಸುತ್ತ ಈಗಾಗಲೇ ಇರುವ ಘಟಕಗಳೆಲ್ಲ ಸೇರಿ ವರ್ಷಕ್ಕೆ ಎಷ್ಟು ಟನ್ ಧೂಳು ಬಿಡುತ್ತಿವೆ ಎಂಬ ಒಂದೇ ಒಂದು ಅಂಕಿ ಮಾತ್ರ ನನ್ನ ಕಿವಿಗೆ ಎರಡೂ ಕಡೆಯಿಂದ ಬೀಳಲಿಲ್ಲ. ಇದ್ದ ಭಾರ ಎಷ್ಟೆಂದು ತಿಳಿಯದೆ ಇನ್ನಷ್ಟು ಹೊರಬಹುದೋ ಇಲ್ಲವೋ ಎಂದು ಚರ್ಚೆ ಮಾಡಿದ ಹಾಗಾಯಿತು. ಆ ಅಂಕಿ ತಮ್ಮ ಕಪಾಟಿನಲ್ಲಿತ್ತು. ಕೂಡಿ ಹಾಕುವ ಕೆಲಸ ಮಾತ್ರ ಬಾಕಿ.

ಇಲ್ಲಿ ಸ್ವಲ್ಪ ಲೆಕ್ಕ ಹೇಳಬೇಕು, ಬೇಸರಪಟ್ಟುಕೊಳ್ಳಬೇಡಿ. ತಮಗೆ ಗೊತ್ತಿರುವುದೇ. ಈ ಪತ್ರ ತಮ್ಮ ಕಣ್ಣಿಗಷ್ಟೇ ಅಲ್ಲ ಎಂಬ ಕಾರಣಕ್ಕೆ ಬರೆಯುತ್ತಿದ್ದೇನೆ. ಕಲ್ಲಿದ್ದಲು ಬಳಸುವ ಸ್ಪಾಂಜ್ ಐರನ್ (ಅದಿರನ್ನು ಕರಗಿಸದೆ ಕಬ್ಬಿಣ ಮಾಡುವ) ಘಟಕದ ಚಿಮಣಿಯಿಂದ ಬರುವ ಅನಿಲದ ಒಂದು ಘನ ಮೀಟರಿನಲ್ಲಿ 100 ಮಿಲಿಗ್ರಾಂವರೆಗೆ ಧೂಳು ಇರಬಹುದು ಎಂದು ಮಾನದಂಡ. ಒಂದು ಚಿಮಣಿಯಲ್ಲಿ 80 ಬಂತು ಎಂದುಕೊಳ್ಳಿ. ವರದಿಯಲ್ಲಿ "ಮಿತಿಯೊಳಗಿದೆ" ಎಂದು ಬರೆದು ಮುಗಿಸುತ್ತಾರೆ. ಆದರೆ ನಾಲ್ಕು ಕಿಲ್ನ್‌ಗಳಿರುವ, ಅಂದರೆ ನಾಲ್ಕು ದೊಡ್ಡ ಕುಲುಮೆಗಳಿರುವ ಘಟಕದಿಂದ ಗಂಟೆಗೆ ಒಂದು ಲಕ್ಷ ಘನ ಮೀಟರ್ ಅನಿಲ ಹೊರಡುತ್ತದೆ ಎಂದು ಹಿಡಿದರೆ ಗಂಟೆಗೆ 8 ಕಿಲೋ ಧೂಳಾಯಿತು. ದಿನಕ್ಕೆ 192 ಕಿಲೋ. ವರ್ಷದಲ್ಲಿ 330 ದಿನ ಓಡಿದರೆ 63 ಟನ್ನಿಗೂ ಮೇಲೆ. ಇದೆಲ್ಲ ಮಿತಿಯೊಳಗೇ! ಅಂಥ ಹತ್ತು ಘಟಕ ಒಂದೇ ಹೋಬಳಿಯಲ್ಲಿದ್ದರೆ ಹತ್ತಕ್ಕೆ ಹತ್ತೂ ಪಾಸು, ಹೊಲದ ಹತ್ತಿ ಮಾತ್ರ ಕಪ್ಪು.

ಮಿಲಿಗ್ರಾಂ ಲೆಕ್ಕಕ್ಕೆ ಇನ್ನೊಂದು ದೋಷವಿದೆ. ಹೊಗೆಗೆ ಹೊರಗಿನ ಗಾಳಿ ಬೆರೆಸಿದರೆ ಘನ ಮೀಟರಿಗೆ ಇಷ್ಟು ಎಂಬ ಅಂಕಿ ತಾನಾಗಿ ಇಳಿಯುತ್ತದೆ, ಹೊರಗೆ ಬೀಳುವ ಧೂಳು ಒಂದು ಗ್ರಾಮೂ ಕಡಿಮೆಯಾಗುವುದಿಲ್ಲ. ಬಾಯ್ಲರುಗಳ ಮಾನದಂಡದಲ್ಲಿ ಶೇ 12 ಕಾರ್ಬನ್ ಡೈಆಕ್ಸೈಡಿಗೆ ಸರಿಹೊಂದಿಸಿ ಲೆಕ್ಕ ಹಾಕಬೇಕು ಎಂದು ಇರುವುದು ಇದಕ್ಕೇ. ತೂಕದ ಲೆಕ್ಕದಲ್ಲಿ ಈ ಆಟ ನಡೆಯುವುದಿಲ್ಲ. ಫಾರಂ 5ರ 'ಸಿ' ಭಾಗ ಕೇಳುವುದು ಈ ತೂಕವನ್ನೇ, ದಿನಕ್ಕೆ ಎಷ್ಟು ಎಂದು. ಮೂವತ್ತು ವರ್ಷದ ಹಿಂದೆ ಆ ಫಾರಂ ಬರೆದ ಪುಣ್ಯಾತ್ಮ ಯಾರೋ, ಸರಿಯಾದ ಪ್ರಶ್ನೆಯನ್ನೇ ಕೇಳಿದ್ದಾನೆ.

ಇನ್ನು ಆ ಅಂಕಿ ಹುಟ್ಟುವ ಜಾಗದ ಬಗ್ಗೆ. ಚಿಮಣಿಯ ಮೈಗೆ ಅಂಟಿದ ಕಬ್ಬಿಣದ ಏಣಿ ಹತ್ತಿ, ಅರ್ಧ ದಾರಿಯಲ್ಲಿರುವ ಕಟ್ಟೆಯ ಮೇಲೆ ನಿಂತು, ಪೋರ್ಟ್ ಹೋಲಿನ ಮುಚ್ಚಳ ಬಿಚ್ಚುತ್ತೇವೆ. ಬಿಸಿ ಮುಖಕ್ಕೆ ಬಡಿಯುತ್ತದೆ. ಮೊದಲು ಪಿಟಾಟ್ ಟ್ಯೂಬ್ ಇಳಿಸಿ ಒಳಗಿನ ಹೊಗೆ ಎಷ್ಟು ವೇಗದಲ್ಲಿದೆ ಎಂದು ನೋಡಬೇಕು. ಆಮೇಲೆ ಥಿಂಬಲ್ (ಧೂಳು ಹಿಡಿಯುವ ಸೋಸುಚೀಲ) ಇಟ್ಟ ನಳಿಗೆಯನ್ನು ಒಳಗೆ ಬಿಟ್ಟು ಅದೇ ವೇಗದಲ್ಲಿ ಹೊಗೆಯನ್ನು ಎಳೆಯಬೇಕು. ಪಂಪು ತುಸು ಜೋರಾಗಿ ಎಳೆದರೂ ದಪ್ಪ ಕಣಗಳು ನಳಿಗೆಯ ಕಡೆ ತಿರುಗದೆ ನೆಟ್ಟಗೆ ಮೇಲೆ ಹೋಗುತ್ತವೆ, ಅಂಕಿ ಕಡಿಮೆ ಬರುತ್ತದೆ. ಪಂಪಿನ ಗುಂಡಿಯ ಮೇಲೆ ಕೈ ಇಟ್ಟವನ ಪ್ರಾಮಾಣಿಕತೆಯ ಮೇಲೆ ಇಡೀ ವರದಿ ನಿಂತಿರುತ್ತದೆ ಎಂದರೆ ಅತಿಶಯವಲ್ಲ. ಅರ್ಧ ಗಂಟೆ ಎಳೆದು, ಥಿಂಬಲ್ ತಂದು ಒಣಗಿಸಿ ತೂಗಿದರೆ ಧೂಳಿನ ತೂಕ ಸಿಗುತ್ತದೆ.

ತಿಂಗಳಿಗೊಮ್ಮೆ ಅರ್ಧ ಗಂಟೆ ಎಂದರೆ ವರ್ಷಕ್ಕೆ ಆರು ಗಂಟೆ. ವರ್ಷದಲ್ಲಿ ಇರುವುದು 8,760 ಗಂಟೆ. ನಾವು ಬರುತ್ತೇವೆ ಎಂಬುದು ಕಾರ್ಖಾನೆಗೆ ಮೊದಲೇ ಗೊತ್ತಿರುತ್ತದೆ. ದುಡ್ಡು ಕೊಟ್ಟು ಕರೆಸುವವರು ಅವರೇ ತಾನೆ. ಆ ದಿನ ಇಎಸ್‌ಪಿಯ, ಅಂದರೆ ವಿದ್ಯುತ್ತಿನಿಂದ ಹೊಗೆಯ ಧೂಳು ಹಿಡಿಯುವ ಯಂತ್ರದ, ಎಲ್ಲ ಫೀಲ್ಡುಗಳೂ ಚಾಲೂ ಇರುತ್ತವೆ, ಲೋಡು ಹದವಾಗಿರುತ್ತದೆ, ಚಹಾ ಕೂಡ ಚೆನ್ನಾಗಿರುತ್ತದೆ.

ಈ ಆರು ಗಂಟೆಯ ಕೊರತೆ ತುಂಬಲೆಂದೇ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2014ರ ಫೆಬ್ರುವರಿಯಲ್ಲಿ 17 ವರ್ಗದ ಭಾರೀ ಮಾಲಿನ್ಯದ ಕೈಗಾರಿಕೆಗಳಿಗೆ ಆನ್‌ಲೈನ್ ನಿರಂತರ ಮಾಪಕ ಕಡ್ಡಾಯ ಮಾಡಿತು. ಚಿಮಣಿಯೊಳಗೆ ಬೆಳಕಿನ ಕಿರಣ ಹಾಯಿಸಿ ಧೂಳು ಅಳೆಯುವ ಉಪಕರಣ ಕೂತಿರುತ್ತದೆ, ಹದಿನೈದು ನಿಮಿಷಕ್ಕೊಂದು ಸರಾಸರಿ ಸರ್ವರಿಗೆ ಹೋಗುತ್ತದೆ. ದಿನಕ್ಕೆ 96 ಅಂಕಿ. 2017ರ ಫೆಬ್ರುವರಿ 22ರಂದು ಪರ್ಯಾವರಣ ಸುರಕ್ಷಾ ಸಮಿತಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇನ್ನೂ ಮುಂದೆ ಹೋಗಿ, ಇಂಥ ಅಂಕಿಗಳನ್ನು ರಾಜ್ಯ ಮಂಡಳಿಗಳು ತಮ್ಮ ಪೋರ್ಟಲಿನಲ್ಲಿ ಸಾರ್ವಜನಿಕರಿಗೆ ಕಾಣುವಂತೆ ಇಡಬೇಕು ಎಂದಿತು.

ಕಾಣುವಂತೆ ಇಡುವುದು ಎಂದರೇನು ಎನ್ನುವುದರಲ್ಲೇ ನನ್ನ ತಕರಾರು. ಈ ಕ್ಷಣದ ಒಂದು ಅಂಕಿ ಪರದೆಯ ಮೇಲೆ ಮಿನುಗಿ, ಮುಂದಿನ ಹದಿನೈದು ನಿಮಿಷಕ್ಕೆ ಅಳಿಸಿ ಹೋದರೆ ಅದು ಯಾರಿಗೂ ಉಪಯೋಗವಿಲ್ಲ. ನಮ್ಮ ಹಳ್ಳಿಗಳಲ್ಲಿ ಒಂದು ಮಾತು ಎಲ್ಲರ ಬಾಯಲ್ಲೂ ಇದೆ: "ಹಗಲಿ ಬಿಡೂದಿಲ್ರೀ, ರಾತ್ರಿ ಎರಡರ ಮ್ಯಾಲೆ ಬಿಡ್ತಾರ." ಕಾರ್ಖಾನೆಯವರು ಇದನ್ನು ಶುದ್ಧ ಸುಳ್ಳು ಎನ್ನುತ್ತಾರೆ. ಇಬ್ಬರಲ್ಲಿ ಯಾರು ನಿಜ ಎಂದು ಹೇಳಲು ಸಾಕ್ಷಿ ಇದೆ. ರಾತ್ರಿ ಎರಡರಿಂದ ಐದರವರೆಗಿನ ಅಂಕಿಗಳನ್ನು ಒಂದು ವರ್ಷದ್ದು ಸಾಲಾಗಿ ಇಟ್ಟರೆ ಸಾಕು. ಹಳ್ಳಿಯವರ ಮಾತು ತಪ್ಪೆಂದು ಹೊರಬಿದ್ದರೂ ಬೀಳಬಹುದು. ಬಿದ್ದರೆ ಬೀಳಲಿ, ಕಾರ್ಖಾನೆಯ ಹೆಸರಾದರೂ ಉಳಿಯುತ್ತದೆ.

ಒಂದು ಎಚ್ಚರಿಕೆಯನ್ನೂ ಹೇಳಿಬಿಡುತ್ತೇನೆ. ಸ್ಪಾಂಜ್ ಐರನ್ ಕಿಲ್ನಿನ ಪಕ್ಕ ತುರ್ತಿಗೆಂದು ಒಂದು ಕ್ಯಾಪ್ ಇರುತ್ತದೆ. ಒಳಗೆ ಒತ್ತಡ ಏರಿದರೆ, ಕರೆಂಟು ಹೋದರೆ ಅದನ್ನು ತೆಗೆಯುತ್ತಾರೆ. ಆಗ ಹೊಗೆ ಇಎಸ್‌ಪಿಯ ಮುಖ ನೋಡದೆ ನೇರ ಆಕಾಶಕ್ಕೆ ಹೋಗುತ್ತದೆ. ಮಾಪಕ ಕೂತಿರುವುದು ಮುಖ್ಯ ಚಿಮಣಿಯಲ್ಲಿ. ಅಂದರೆ ಊರೆಲ್ಲ ಕರ್ರಗಾಗುತ್ತಿರುವ ಹೊತ್ತಿನಲ್ಲೇ ಸರ್ವರಿಗೆ ಬಹಳ ಚೆಂದದ ಅಂಕಿ ಹೋಗುತ್ತಿರುತ್ತದೆ. ಆದ್ದರಿಂದ ಕ್ಯಾಪ್ ಯಾವಾಗ ತೆರೆಯಿತು, ಎಷ್ಟು ನಿಮಿಷ ತೆರೆದಿತ್ತು ಎಂಬ ದಾಖಲೆಯೂ ಪಕ್ಕದಲ್ಲೇ ಇರಬೇಕು. ಇಲ್ಲವಾದರೆ ಉಳಿದದ್ದೆಲ್ಲ ಅಲಂಕಾರ.

ಈಗ ಕಾನೂನಿಗೆ ಬರುತ್ತೇನೆ. 1981ರ ವಾಯು ಕಾಯ್ದೆಯ 17ನೇ ಕಲಂ ರಾಜ್ಯ ಮಂಡಳಿಯ ಕೆಲಸಗಳನ್ನು ಪಟ್ಟಿ ಮಾಡುವಾಗ, ವಾಯು ಮಾಲಿನ್ಯದ ಮಾಹಿತಿ ಸಂಗ್ರಹಿಸಿ ಪ್ರಸಾರ ಮಾಡುವುದನ್ನು ಮೊದಲ ಮೂರರಲ್ಲೇ ಸೇರಿಸಿದೆ. ಅದೇ ಕಾಯ್ದೆಯ 51ನೇ ಕಲಂ ಪ್ರಕಾರ ತಾವು ಒಂದು ರಿಜಿಸ್ಟರ್ ಇಡಬೇಕು. ಯಾರಿಗೆ ಸಮ್ಮತಿ ಕೊಟ್ಟಿರಿ, ಅವರಿಗೆ ಎಷ್ಟು ಮಿತಿ ಹಾಕಿದಿರಿ ಎಂಬುದು ಅದರಲ್ಲಿರಬೇಕು, ಸಂಬಂಧಪಟ್ಟ ಯಾರೇ ಬಂದು ಕೇಳಿದರೂ ಯುಕ್ತ ಸಮಯದಲ್ಲಿ ತೆರೆದು ತೋರಿಸಬೇಕು. ಜಲ ಕಾಯ್ದೆಯ 25ನೇ ಕಲಮಿನಲ್ಲೂ ಇಂಥದೇ ರಿಜಿಸ್ಟರ್ ಇದೆ. ನಿವೃತ್ತನಾದ ಮೇಲೆ ನಾನೊಮ್ಮೆ ಒಂದು ಕಚೇರಿಗೆ ಹೋಗಿ (ಯಾವುದೆಂದು ಹೇಳುವುದಿಲ್ಲ, ಅಲ್ಲಿನ ಗುಮಾಸ್ತರು ಒಳ್ಳೆಯವರು) ಆ ರಿಜಿಸ್ಟರ್ ನೋಡಬೇಕಿತ್ತು ಎಂದೆ. ಅವರು ನನ್ನ ಮುಖ ನೋಡಿದರು, ಎದುರಿನ ಮೇಜಿನವರ ಮುಖ ನೋಡಿದರು, ಆಮೇಲೆ "ಆರ್‌ಟಿಐ ಹಾಕ್ರಿ ಸರ್" ಎಂದರು.

ಹಾಕಬಹುದು. ಹತ್ತು ರೂಪಾಯಿ ಶುಲ್ಕ, ಮೂವತ್ತು ದಿನ ಕಾಯುವುದು. ನಮ್ಮ ರಾಜ್ಯದ ನಿಯಮದಂತೆ ಅರ್ಜಿ ಒಂದೇ ವಿಷಯದ್ದಾಗಿರಬೇಕು, 150 ಪದ ದಾಟಬಾರದು. ಮೂವತ್ತು ಘಟಕಗಳ ಐದು ವರ್ಷದ ಫಾರಂ ಬೇಕೆಂದರೆ 150 ಪದದಲ್ಲಿ ಕೇಳುವುದೇ ಒಂದು ವಿದ್ಯೆ. ಆದರೆ ಮಾಹಿತಿ ಹಕ್ಕು ಕಾಯ್ದೆಯ 4ನೇ ಕಲಂ ಹೇಳುವುದು ಬೇರೆ: ಜನ ಅರ್ಜಿ ಹಾಕುವ ಅಗತ್ಯ ತೀರ ಕಡಿಮೆ ಬೀಳುವಷ್ಟು ಮಾಹಿತಿಯನ್ನು ಕಚೇರಿಗಳು ತಾವಾಗಿ ಪ್ರಕಟಿಸಲು ಯತ್ನಿಸಬೇಕು. 2006ರ ಪರಿಸರ ಪರಿಣಾಮ ಅಧಿಸೂಚನೆಯಡಿ ಅನುಮತಿ ಪಡೆದ ಯೋಜನೆಗಳ ಷರತ್ತು ಪಾಲನಾ ವರದಿಗಳಂತೂ ಆಗಲೇ ಸಾರ್ವಜನಿಕ ದಾಖಲೆಗಳು.

ಈ ವಿಷಯದಲ್ಲಿ ನನ್ನನ್ನು ಬಹಳ ಕಾಡುವುದು ಭೋಪಾಲ್. 1984ರ ಡಿಸೆಂಬರ್ 2ರ ರಾತ್ರಿ ಅಲ್ಲಿನ ಜನರಿಗೆ ಗೋಡೆಯಾಚೆ ಏನು ಸಂಗ್ರಹವಾಗಿದೆ ಎಂಬುದೇ ಗೊತ್ತಿರಲಿಲ್ಲ. ಮರುವರ್ಷ ಆಗಸ್ಟ್‌ನಲ್ಲಿ ಅದೇ ಯೂನಿಯನ್ ಕಾರ್ಬೈಡ್ ಕಂಪನಿಯ ಅಮೆರಿಕದ ಕಾರ್ಖಾನೆಯಲ್ಲಿ, ವೆಸ್ಟ್ ವರ್ಜೀನಿಯಾದಲ್ಲಿ, ಅನಿಲ ಸೋರಿತು. ಅಮೆರಿಕದವರು ಎಚ್ಚೆತ್ತು 1986ರಲ್ಲಿ ಕಾನೂನು ಮಾಡಿದರು. ಯಾವ ಕಾರ್ಖಾನೆ ಯಾವ ವಿಷವಸ್ತುವನ್ನು ವರ್ಷಕ್ಕೆ ಎಷ್ಟು ತೂಕ ಗಾಳಿಗೆ, ನೀರಿಗೆ, ನೆಲಕ್ಕೆ ಬಿಟ್ಟಿತು ಎಂದು ಹೆಸರು ಸಹಿತ ವರದಿ ಕೊಡಬೇಕು, ಅದು ಎಲ್ಲರಿಗೂ ಸಿಗಬೇಕು ಎಂಬ ಟಾಕ್ಸಿಕ್ಸ್ ರಿಲೀಸ್ ಇನ್ವೆಂಟರಿ ಹುಟ್ಟಿದ್ದು ಹೀಗೆ. ಮೊದಲ ವರದಿಗಳನ್ನು ಕೊಡಬೇಕಾಗಿದ್ದದ್ದು 1988ರ ಜುಲೈ 1ರೊಳಗೆ. ಆ ಹೊತ್ತಿಗೇ ಮೊನ್ಸಾಂಟೊ ಕಂಪನಿ, ಗಾಳಿಗೆ ಬಿಡುವ ವಿಷವನ್ನು 1992ರೊಳಗೆ ಶೇ 90ರಷ್ಟು ಇಳಿಸುತ್ತೇವೆ ಎಂದು ಘೋಷಿಸಿತು. ಯಾವ ನ್ಯಾಯಾಲಯವೂ ಹೇಳಿರಲಿಲ್ಲ, ಯಾರೂ ದಂಡ ಹಾಕಿರಲಿಲ್ಲ. ತಮ್ಮದೇ ಅಂಕಿ ನಾಳೆ ಊರಿನ ಪತ್ರಿಕೆಯಲ್ಲಿ ಬರುತ್ತದೆ ಎಂಬುದಷ್ಟೇ ಸಾಕಾಗಿತ್ತು. ಜಪಾನ್ 1999ರಲ್ಲಿ ಇಂಥದೇ ಕಾನೂನು ಮಾಡಿತು, ಯುರೋಪಿನಲ್ಲೂ ಬಂತು. ಸತ್ತವರು ನಮ್ಮವರು, ತಿಳಿಯುವ ಹಕ್ಕು ಸಿಕ್ಕಿದ್ದು ಅವರಿಗೆ.

ನಮ್ಮ ದೇಶದಲ್ಲೇ ಆಗುವುದಿಲ್ಲ ಎನ್ನುವಂತೆಯೂ ಇಲ್ಲ. ಮಹಾರಾಷ್ಟ್ರ ಮಂಡಳಿ 2017ರಲ್ಲೇ ಕಾರ್ಖಾನೆಗಳ ಚಿಮಣಿ ಧೂಳಿನ ಆಧಾರದ ಮೇಲೆ ಒಂದರಿಂದ ಐದು ನಕ್ಷತ್ರ ಕೊಟ್ಟು ಹೆಸರು ಸಮೇತ ಪ್ರಕಟಿಸಲು ಆರಂಭಿಸಿತು. ಸೂರತ್ತಿನಲ್ಲಿ 2019ರಲ್ಲಿ ಶುರುವಾದ ಧೂಳಿನ ವ್ಯಾಪಾರ ಯೋಜನೆಯಂತೂ (ಒಟ್ಟು ಧೂಳಿಗೆ ಮಿತಿ ಹಾಕಿ, ಅದನ್ನು ಬಿಡುವ ಪರವಾನಗಿಯನ್ನು ಘಟಕಗಳು ತಮ್ಮಲ್ಲೇ ಕೊಂಡು ಮಾರುವ ವ್ಯವಸ್ಥೆ) ಪೂರ್ತಿ ತೂಕದ ಲೆಕ್ಕದ ಮೇಲೆಯೇ ನಿಂತಿದೆ. ಸುಮಾರು ಮುನ್ನೂರು ಘಟಕಗಳನ್ನು ಎರಡು ಪಾಲು ಮಾಡಿ ನೋಡಿದಾಗ, ಯೋಜನೆಯಲ್ಲಿದ್ದವರ ಧೂಳು ಶೇ 20ರಿಂದ 30ರಷ್ಟು ಇಳಿದಿತ್ತು. ಅಲ್ಲೂ ಇದೇ ಮಾಪಕಗಳು, ಇದೇ ಸರ್ವರು. ಜವಳಿ ಘಟಕದ ಬಾಯ್ಲರಿಗೆ ಸಾಧ್ಯವಾದದ್ದು ನಮ್ಮ ಕಿಲ್ನಿಗೆ ಆಗದೇಕೆ?

ಕಾರ್ಖಾನೆಗಳ ಸಂಘದವರು ವ್ಯಾಪಾರ ರಹಸ್ಯ ಎನ್ನುತ್ತಾರೆ. ಯಾವ ಯಂತ್ರ, ಯಾವ ಮಿಶ್ರಣ ಎಂಬುದು ರಹಸ್ಯವಾಗಿರಬಹುದು, ಅದನ್ನು ಮುಚ್ಚಿಟ್ಟೇ ಪ್ರಕಟಿಸಿ. ಅಮೆರಿಕದ ಕಾನೂನಿನಲ್ಲೂ ಆ ದಾರಿ ಇದೆ, ಹಿಡಿಯುವವರು ತೀರ ಕಡಿಮೆ. ಚಿಮಣಿ ದಾಟಿ ನನ್ನ ಮನೆಯ ಮಾಳಿಗೆ ಮೇಲೆ ಬಿದ್ದದ್ದು ಮಾತ್ರ ಇನ್ನು ಅವರ ರಹಸ್ಯವಲ್ಲ. ಜನ ಅಂಕಿ ನೋಡಿ ಗಾಬರಿಯಾಗುತ್ತಾರೆ ಎನ್ನುವ ಮಾತೂ ಇದೆ. ಜನ ಈಗಾಗಲೇ ಗಾಬರಿಯಲ್ಲಿದ್ದಾರೆ, ಬಂದ್ ಆದದ್ದು ಅದಕ್ಕೇ. ಮಾಪಕಗಳೇ ಸರಿಯಿಲ್ಲ, ಅಂಕಿ ಹೊರಗೆ ಹೋದರೆ ಮರ್ಯಾದೆ ಹೋಗುತ್ತದೆ ಎಂದು ತಮ್ಮ ಕಚೇರಿಯೊಳಗೇ ಕೆಲವರು ಅಂದುಕೊಂಡಾರು. ಈ ಒಂದು ಮಾತಿನಲ್ಲಿ ಹುರುಳಿದೆ. ಕ್ಯಾಲಿಬ್ರೇಷನ್ ಮಾಡದ ಮಾಪಕ ದಿನವಿಡೀ 42 ಎಂದೇ ತೋರಿಸುತ್ತ ಕೂರುವುದುಂಟು. ಆದರೆ ಅಂಥದ್ದು ಬೇಗ ಸಿಕ್ಕಿಬೀಳುವುದು ನೋಡುವ ಕಣ್ಣು ಹೆಚ್ಚಿದ್ದಾಗಲೇ. ಪಕ್ಕದ ಊರಿನ ಕಾಲೇಜಿನ ಹುಡುಗನೊಬ್ಬ ಗ್ರಾಫ್ ಹಾಕಿದರೆ ಹತ್ತು ನಿಮಿಷದಲ್ಲಿ ಆ ನೆಟ್ಟಗಿನ ಗೆರೆ ಕಾಣುತ್ತದೆ.

ಒಳ್ಳೆಯ ಕಾರ್ಖಾನೆಗಳ ಪರವಾಗಿಯೂ ಇದನ್ನು ಕೇಳುತ್ತಿದ್ದೇನೆ. ಬೆಳ್ಳಂದೂರು ಕೆರೆ ಹೊತ್ತಿ ಉರಿದ ಮೇಲೆ, 2017ರ ಏಪ್ರಿಲ್‌ನಲ್ಲಿ, ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಕೆರೆಯ ಸುತ್ತಲಿನ ಕೈಗಾರಿಕೆಗಳನ್ನು ಕೂಡಲೇ ಮುಚ್ಚಿಸಿ ಎಂದು ಆದೇಶಿಸಿತು. ಕೆರೆಗೆ ಬೀಳುತ್ತಿದ್ದ ಕೊಳೆಯಲ್ಲಿ ಬಹುಪಾಲು ನಗರದ ಒಳಚರಂಡಿ ನೀರು. ಯಾರು ಎಷ್ಟು ಬಿಡುತ್ತಾರೆ ಎಂಬ ತೆರೆದ ಲೆಕ್ಕ ಇದ್ದಿದ್ದರೆ, ಶುದ್ಧೀಕರಣ ಘಟಕವನ್ನು ನೆಟ್ಟಗೆ ನಡೆಸುತ್ತಿದ್ದವನು ಕಳ್ಳನ ಜೊತೆ ಒಂದೇ ಸಾಲಿನಲ್ಲಿ ನಿಲ್ಲಬೇಕಾಗುತ್ತಿರಲಿಲ್ಲ.

ಹಾಗಾಗಿ ನನ್ನ ಕೋರಿಕೆಯನ್ನು ಸ್ಪಷ್ಟವಾಗಿ ಬರೆಯುತ್ತೇನೆ. ಬರುವ ಸೆಪ್ಟೆಂಬರ್ 30ರ ನಂತರ ತಮಗೆ ಬರುವ ಫಾರಂ 5ಗಳನ್ನು, ಕನಿಷ್ಠ ಕೆಂಪು ವರ್ಗದ, ಅಂದರೆ ಅತಿ ಹೆಚ್ಚು ಮಾಲಿನ್ಯದ ಘಟಕಗಳದ್ದನ್ನಾದರೂ, ತಾಲ್ಲೂಕುವಾರು ಹುಡುಕಲು ಬರುವಂತೆ ಜಾಲತಾಣಕ್ಕೆ ಹಾಕಿ. ಪ್ರತಿ ತಾಲ್ಲೂಕಿಗೆ ಕನ್ನಡದಲ್ಲಿ ಒಂದು ಕೋಷ್ಟಕ ಸಾಕು: ಘಟಕದ ಹೆಸರು, ಊರು, ಧೂಳು ವರ್ಷಕ್ಕೆ ಎಷ್ಟು ಟನ್, ಗಂಧಕದ ಡೈಆಕ್ಸೈಡ್ ಎಷ್ಟು, ಹೊರಬಿಟ್ಟ ನೀರು ಎಷ್ಟು, ಕಳೆದ ವರ್ಷಕ್ಕಿಂತ ಹೆಚ್ಚೋ ಕಡಿಮೆಯೋ. ಫಾರಂ ಕೊಡದವರ ಹೆಸರೂ ಕೋಷ್ಟಕದಲ್ಲಿರಲಿ, ಮುಂದಿನ ಮನೆ ಖಾಲಿ ಇರಲಿ. ಆನ್‌ಲೈನ್ ಮಾಪಕದ ಅಂಕಿಗಳನ್ನು ಅಳಿಸದೆ, ಹಳೆಯದನ್ನೂ ಇಳಿಸಿಕೊಳ್ಳಲು ಬರುವಂತೆ ಇಡಿ. ಮಾಪಕ ಕೆಟ್ಟಿದ್ದ ದಿನಗಳನ್ನೂ ಮುಚ್ಚಬೇಡಿ. ಅದೇ ಕೋಷ್ಟಕದ ಒಂದು ಪ್ರತಿಯನ್ನು ಗ್ರಾಮ ಪಂಚಾಯಿತಿಯ ಫಲಕಕ್ಕೆ ಕಳಿಸಿಕೊಡಿ. ಮೊಬೈಲ್ ಹಿಡಿಯದವರೂ ಈ ಧೂಳು ಕುಡಿಯುತ್ತಾರೆ.

ಇಡೀ ರಾಜ್ಯಕ್ಕೆ ಒಂದೇ ಸಲ ಆಗದು ಎಂದಾದರೆ ಕೊಪ್ಪಳ ಜಿಲ್ಲೆಯಿಂದ ಶುರು ಮಾಡಿ, ಮುಂದಿನ ವರ್ಷ ಬಳ್ಳಾರಿ, ರಾಯಚೂರು ಸೇರಲಿ. ಫಾರಂ ಓದಿ ಕೋಷ್ಟಕ ತುಂಬುವಷ್ಟು ಸಿಬ್ಬಂದಿ ಇಲ್ಲ ಎಂಬ ಉತ್ತರ ಬಂದರೆ ನನಗೆ ಆಶ್ಚರ್ಯವಾಗದು, ಹುದ್ದೆಗಳು ಖಾಲಿ ಬಿದ್ದಿರುವುದು ಎಲ್ಲರಿಗೂ ಗೊತ್ತು. ಆ ಕೆಲಸಕ್ಕೆ ನಮ್ಮಂಥ ನಿವೃತ್ತರು ಈ ಭಾಗದಲ್ಲಿ ಹಲವರಿದ್ದೇವೆ. ನಾವು ಬರೆದುಕೊಟ್ಟ ಅಂಕಿಗಳನ್ನು ನಾವೇ ಕೂಡಿ ಕೊಡಲು ಸಂಬಳ ಕೇಳುವುದಿಲ್ಲ. ಪ್ರಾದೇಶಿಕ ಕಚೇರಿಯಲ್ಲಿ ಒಂದು ಮೇಜು, ಒಂದು ಕಂಪ್ಯೂಟರ್, ಕಡತದ ಕೋಣೆಗೆ ಹೋಗಲು ಒಂದು ಲಿಖಿತ ಅನುಮತಿ ಕೊಟ್ಟರೆ ಅಕ್ಟೋಬರ್ ಮೊದಲ ವಾರದಲ್ಲೇ ಬಂದು ಕೂರುತ್ತೇವೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಪ್ರಯೋಗಾಲಯ ನೌಕರ,
ಕೊಪ್ಪಳ ತಾಲ್ಲೂಕು